ಟೆಂಟಲ್ಲಿ ಪುಟ್ಟ ಮಗುನ ರಾತ್ರಿ ಪೂರ್ತಿ ಬೆಚ್ಚಗೆ ಮಲಗಿಸೋದು ಹೇಗೆ: ಹೆಜ್ಜೆ ಹೆಜ್ಜೆಯಾಗಿ ಸಮಗ್ರ ಮಾರ್ಗದರ್ಶಿ

ನಮ್ಮ ಮಗಳಿಗೆ ಒಂದೂವರೆ ವರ್ಷ ಇದ್ದಾಗ ಮೊದಲ್ನೇ ಸಲ ಅವಳನ್ನ ಕರ್ಕೊಂಡು ಟೆಂಟಲ್ಲಿ ಮಲಗಿದ್ವಿ. ದಪ್ಪ ಸ್ವೆಟರ್ರು, ಉಲ್ಲನ್ ಟೋಪಿ, ಮೂರು ಮೂರು ಹೊದಿಕೆ, ಎಲ್ಲಾ ರೆಡಿ ಇತ್ತು, ಕೆಳಗಡೆ ಗಾಳಿ ತುಂಬೋ ಬೆಡ್ಡು ಹಾಕಿದ್ವಿ, ಮೆತ್ತಗಿರತ್ತೆ ಚೆನ್ನಾಗಿ ನಿದ್ದೆ ಮಾಡ್ತಾಳೆ ಅಂತ. ರಾತ್ರಿ ಮೂರು ಗಂಟೆಗೆ ಎದ್ದು ಅಳೋಕೆ ಶುರು ಮಾಡಿದ್ಲು, ಮುಟ್ಟಿ ನೋಡಿದ್ರೆ ಬೆನ್ನು ತಣ್ಣಗಾಗಿಬಿಟ್ಟಿದೆ, ಮೂರು ಹೊದಿಕೆನೂ ಒದ್ದು ಒದ್ದು ಕಾಲ ಹತ್ರ ಮುದ್ದೆ ಮಾಡಿದಾಳೆ. ಬೆಳಗಾಗೋವರೆಗೂ ಅವಳನ್ನ ಎದೆಗೆ ಅವಚ್ಕೊಂಡು ಕೂತಿದ್ದೆ, ಆ ರಾತ್ರಿ ಇನ್ನೂ ಮರೆತಿಲ್ಲ.

ಮನೆಗೆ ಬಂದ್ಮೇಲೆ ಎಲ್ಲಿ ತಪ್ಪಾಯ್ತು ಅಂತ ಕೂತ್ಕೊಂಡು ಯೋಚನೆ ಮಾಡಿ, ಓದಿ, ಆಮೇಲೆ ಒಂದೊಂದೇ ಸಲ ಒಂದೊಂದೇ ಬದಲಾಯಿಸ್ತಾ ಬಂದ್ವಿ. ಈಗ ಅವಳಿಗೆ ಮೂರೂವರೆ, ಟೆಂಟಲ್ಲಿ ಮನೇಲಿ ಮಲಗಿದಷ್ಟೇ ಗಾಢವಾಗಿ ಮಲಗ್ತಾಳೆ. ಅವತ್ತು ನಾವು ಮಾಡಿದ್ದೆಲ್ಲ ಮೇಲಿಂದ ಹೇರೋ ಕೆಲಸ, ಚಳಿ ಬಂದಿದ್ದು ಮಾತ್ರ ಕೆಳಗಿಂದ. ಅದಕ್ಕೇ ಈ ಗೈಡಲ್ಲಿ ನೆಲದ ಬಗ್ಗೆ, ಒದ್ದೆ ಆಗದಂಗೆ ನೋಡ್ಕೊಳ್ಳೋದ್ರ ಬಗ್ಗೆ ಜಾಸ್ತಿ ಬರ್ದಿದೀನಿ, ಕಂಬಳಿ ಬಗ್ಗೆ ಕಮ್ಮಿ.

ಒಂದು ವರ್ಷ ತುಂಬದ ಮಗು ಇದ್ರೆ ಇಷ್ಟು ಮೊದ್ಲು ಓದಿ

ನಾನು ಇಲ್ಲಿ ಹೇಳೋದು ಒಂದರಿಂದ ಮೂರು ವರ್ಷದ ಮಕ್ಕಳಿಗೆ. ಒಂದು ವರ್ಷದೊಳಗಿನ ಕೂಸಿನ ಲೆಕ್ಕನೇ ಬೇರೆ. ಆ ವಯಸ್ಸಿನ ಮಕ್ಕಳನ್ನ ಅಂಗಾತನೇ ಮಲಗಿಸ್ಬೇಕು, ಗಟ್ಟಿಯಾಗಿರೋ ಸಮತಟ್ಟು ಜಾಗದಲ್ಲಿ, ಅಪ್ಪ ಅಮ್ಮನ ಪಕ್ಕದಲ್ಲೇ ಆದ್ರೆ ಅದರದ್ದೇ ಬೇರೆ ಹಾಸಿಗೇಲಿ, ಸಡಿಲವಾಗಿರೋ ಹೊದಿಕೆ ದಿಂಬು ಮೆತ್ತನೆ ಗೊಂಬೆ ಯಾವ್ದೂ ಹತ್ರ ಇರಬಾರದು. ಅಮೆರಿಕದ ಮಕ್ಕಳ ವೈದ್ಯರ ಸಂಘ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳೋದೂ ಇದನ್ನೇ, ಜೊತೆಗೆ ತೂಕ ತುಂಬಿರೋ ಸ್ಲೀಪ್ ಸ್ಯಾಕು (ಮಗು ಮೈಗೇ ಹಾಕಿ ಜಿಪ್ ಎಳೆಯೋ ಚೀಲದಂಥ ಹೊದಿಕೆ), ತೂಕದ ಹೊದಿಕೆ ಬೇಡವೇ ಬೇಡ ಅಂತಾರೆ. ಗಾಳಿ ಬೆಡ್ಡು ಅಂತೂ ಕೂಸಿಗೆ ಅಪಾಯ, ಮುಖ ಒತ್ಕೊಂಡ್ರೆ ತಿರುಗಿಸ್ಕೊಳ್ಳೋ ಶಕ್ತಿ ಅವಕ್ಕಿರಲ್ಲ. ಇಷ್ಟೆಲ್ಲ ನಿಯಮ ಪಾಲಿಸ್ಕೊಂಡು ಚಳಿ ರಾತ್ರೀಲಿ ಟೆಂಟಲ್ಲಿ ಕೂಸನ್ನ ಬೆಚ್ಚಗಿಡೋದು ನಿಜವಾಗ್ಲೂ ಕಷ್ಟ, ನನ್ನ ಕೇಳಿದ್ರೆ ಬೆಚ್ಚಗಿನ ಕಾಲ ಬರೋವರೆಗೂ ಕಾಯಿರಿ, ಅಥವಾ ಮಗುಗೆ ಒಂದು ವರ್ಷ ದಾಟ್ಲಿ.

ಪುಟ್ಟ ಮಕ್ಕಳಿಗೆ ಯಾಕೆ ಬೇಗ ಚಳಿ ಹಿಡಿಯತ್ತೆ

ಮಗು ಚಿಕ್ಕದಿದ್ದಷ್ಟೂ ಅದರ ತೂಕಕ್ಕೆ ಹೋಲಿಸಿದ್ರೆ ಚರ್ಮದ ವಿಸ್ತೀರ್ಣ ಜಾಸ್ತಿ. ಅಂದ್ರೆ ಕಾವು ಹುಟ್ಟಿಸೋ ಮೈ ಚಿಕ್ಕದು, ಕಾವು ಹೊರಗೆ ಹೋಗೋ ದಾರಿ ದೊಡ್ಡದು. ಒಂದು ಲೋಟ ಬಿಸಿನೀರು ಒಂದು ಕೊಳಗ ನೀರಿಗಿಂತ ಬೇಗ ಆರತ್ತಲ್ಲ, ಅದೇ ಥರ. ದೇಹಕ್ಕೆ ಹೋಲಿಸಿದ್ರೆ ತಲೆನೂ ದೊಡ್ಡದು, ಅದರಿಂದಾನೂ ಸಾಕಷ್ಟು ಕಾವು ಹೋಗತ್ತೆ. ದೊಡ್ಡವರಾದ್ರೆ ಚಳಿ ಆದಾಗ ಮುದುರ್ಕೋತೀವಿ, ಹೊದಿಕೆ ಎಳ್ಕೋತೀವಿ, ಎದ್ದು ಇನ್ನೊಂದು ಸಾಕ್ಸ್ ಹಾಕ್ಕೋತೀವಿ, ಎರಡು ವರ್ಷದ ಮಗು ಇದ್ಯಾವ್ದೂ ಮಾಡಲ್ಲ, ನಿದ್ದೇಲಿ ಒದಿಯತ್ತೆ, ಉರುಳತ್ತೆ, "ನಂಗೆ ಚಳಿ" ಅಂತ ಹೇಳೋಕೂ ಬರಲ್ಲ.

ಕಾವು ಹೋಗೋ ದಾರಿಗಳನ್ನೂ ಒಂಚೂರು ನೆನಪಿಟ್ಕೊಳ್ಳಿ, ಮುಂದೆ ಹೇಳೋದೆಲ್ಲ ಇದರ ಮೇಲೇ ನಿಂತಿದೆ. ತಣ್ಣಗಿರೋ ನೆಲಕ್ಕೆ ಮೈ ತಾಗಿದ್ರೆ ನೆಲ ಎಳ್ಕೊಳ್ಳತ್ತೆ, ಗಾಳಿ ಬೀಸಿದ್ರೆ ಮೈ ಸುತ್ತ ಇರೋ ಬೆಚ್ಚನೆ ಗಾಳಿನ ಹೊತ್ಕೊಂಡು ಹೋಗತ್ತೆ, ತೆರೆದ ಆಕಾಶದ ಕಡೆಗೂ ಹೋಗತ್ತೆ, ಬೆವರು ಅಥವಾ ಒದ್ದೆ ಬಟ್ಟೆ ಒಣಗೋವಾಗ್ಲೂ ಹೋಗತ್ತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಕಾವು ಸಾಗಿಸತ್ತೆ, ಅದಕ್ಕೇ ಒಂದು ಸೋರಿದ ಡೈಪರ್ ಸಾಕು ಮಾಡಿದ್ ತಯಾರಿ ಎಲ್ಲ ಕೆಡಿಸೋಕೆ.

1. ಹೊರಡೋ ಮುಂಚೆ: ಎಷ್ಟು ಚಳಿ ಅಂತ ಸರಿಯಾಗಿ ತಿಳ್ಕೊಳ್ಳಿ

ವೆದರ್ ಆಪಲ್ಲಿ ಹಗಲಿನ ತಾಪಮಾನ ನೋಡಿ ಖುಷಿಯಾಗಬೇಡಿ, ರಾತ್ರಿ ಕನಿಷ್ಠ ಎಷ್ಟು ಅಂತ ನೋಡಿ. ಅದೂ ಟೆಂಟ್ ಹಾಕೋ ಜಾಗದ್ದು, ಹತ್ತಿರದ ಊರಿಂದಲ್ಲ. ಎತ್ತರ ಹೋದಂಗೆ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಮ್ಮಿ ಆಗತ್ತೆ, ಊರು ತಗ್ಗಲ್ಲಿದ್ದು ನೀವು 800 ಮೀಟರ್ ಮೇಲೆ ಮಲಗೋದಾದ್ರೆ ಆಪ್ ತೋರ್ಸಿದ್ದಕ್ಕಿಂತ ಐದು ಡಿಗ್ರಿ ಕಮ್ಮಿನೇ ಅಂತ ಲೆಕ್ಕ ಹಾಕಿ. ರಾತ್ರೀಲಿ ಅತಿ ಹೆಚ್ಚು ಚಳಿ ಇರೋದು ಮಧ್ಯರಾತ್ರಿ ಅಲ್ಲ, ಬೆಳಗಿನ ಜಾವ, ಸೂರ್ಯ ಹುಟ್ಟೋ ಹೊತ್ತಿಗೆ. ಮಲಗಿಸುವಾಗ ಸರಿ ಇದೆ ಅನ್ಸಿದ್ದು ಐದು ಗಂಟೆಗೆ ಸಾಲದೇ ಹೋಗೋದು ಇದಕ್ಕೇ.

ಮೊದಲ್ನೇ ಸಲ ಹೋಗ್ತಿದ್ರೆ ರಾತ್ರಿ 12 ಡಿಗ್ರಿಗಿಂತ ಕೆಳಗಿಳಿಯದ ದಿನ ಆರಿಸ್ಕೊಳ್ಳಿ. ನಾವು ಈಗ್ಲೂ 5 ಡಿಗ್ರಿಗಿಂತ ಕೆಳಗೆ ಹೋಗತ್ತೆ ಅಂತಿದ್ರೆ ಮಗಳನ್ನ ಕರ್ಕೊಂಡು ಹೋಗಲ್ಲ, ಇದು ನಮ್ಮ ಮನೆ ಗೆರೆ. ಮಗುಗೆ ನೆಗಡಿ ಜ್ವರ ಇದ್ರೆ ಎಷ್ಟೇ ಪ್ಲಾನ್ ಆಗಿರ್ಲಿ ಮುಂದಕ್ಕೆ ಹಾಕಿ.

ಇನ್ನೊಂದು, ಹೋಗೋ ಹಿಂದಿನ ವಾರ ಮನೇಲೇ ಒಂದು ರಾತ್ರಿ ಟ್ರಯಲ್ ಮಾಡಿ. ಅಂಗಳ, ಟೆರೇಸು, ಬಾಲ್ಕನಿ, ಏನೂ ಇಲ್ಲ ಅಂದ್ರೆ ಹಾಲಲ್ಲೇ ನೆಲದ ಮೇಲೆ, ಅದೇ ಮ್ಯಾಟು ಅದೇ ಸ್ಲೀಪ್ ಸ್ಯಾಕು. ಸ್ಲೀಪ್ ಸ್ಯಾಕ್ ಮೊದಲ್ನೇ ಸಲ ಹಾಕಿದಾಗ ಕೆಲವು ಮಕ್ಕಳು ಕಾಲು ಸಿಕ್ಕಾಕ್ಕೊಂಡಂಗೆ ಆಗಿ ರಂಪ ಮಾಡ್ತವೆ, ಆ ರಂಪ ಮನೇಲೇ ಮುಗೀಲಿ.

2. ಟೆಂಟ್ ಎಲ್ಲಿ ಹಾಕ್ತೀರ

ತಣ್ಣನೆ ಗಾಳಿ ಭಾರ, ರಾತ್ರಿ ಇಳಿಜಾರಲ್ಲಿ ನೀರಿನ ಥರ ಹರ್ಕೊಂಡು ಬಂದು ತಗ್ಗಲ್ಲಿ ನಿಲ್ಲತ್ತೆ. ಹೊಳೆ ಪಕ್ಕ, ಕಣಿವೆ ತಳ, ಬೋಗುಣಿ ಥರ ಇರೋ ಹುಲ್ಲುಗಾವಲು, ಇವು ನೋಡೋಕೆ ಚಂದ, ಮಲಗೋಕೆ ಥಂಡಿ. ತಳಕ್ಕಿಂತ ಸ್ವಲ್ಪ ಮೇಲೆ ಹೋಗಿ, ಆದ್ರೆ ಗಾಳಿಗೆ ಎದೆಯೊಡ್ಡೋ ಗುಡ್ಡದ ನೆತ್ತಿಗೂ ಬೇಡ. ಮೋಡ ಇಲ್ಲದ ರಾತ್ರಿ ಬಯಲಲ್ಲಿ ಇಬ್ಬನಿ ಸಿಕ್ಕಾಪಟ್ಟೆ ಬೀಳತ್ತೆ, ಮರದ ಕೆಳಗೆ ಕಮ್ಮಿ, ಹಾಗಾಗಿ ಮರಗಳ ಅಂಚು ಒಳ್ಳೇದು, ಒಣ ಕೊಂಬೆ ಮೇಲೆ ಜೋತಾಡ್ತಿಲ್ಲ ಅಂತ ಮಾತ್ರ ತಲೆಯೆತ್ತಿ ನೋಡ್ಕೊಳ್ಳಿ. ಬೆಳಗ್ಗೆ ಬಿಸಿಲು ಮೊದ್ಲು ಬೀಳೋ ಜಾಗ ಆದ್ರೆ ಇನ್ನೂ ಚೆನ್ನ, ಮಗು ಎದ್ದಾಗ ಟೆಂಟ್ ಆಗ್ಲೇ ಬೆಚ್ಚಗಾಗಿರತ್ತೆ.

ಟೆಂಟು ಮೂರು ಜನಕ್ಕೆ ಮೂರರದ್ದೋ ನಾಕರದ್ದೋ ಸಾಕು. ದೊಡ್ಡ ಟೆಂಟ್ ಒಳಗಿನ ಗಾಳಿನ ನಮ್ಮ ಮೈಕಾವು ಬೆಚ್ಚಗೆ ಮಾಡೋಕಾಗಲ್ಲ. ಹಾಗಂತ ಚಿಕ್ಕ ಟೆಂಟಾದ್ರೂ ಹೊರಗಿಗಿಂತ ಒಳಗೆ ಕೆಲವೇ ಡಿಗ್ರಿ ಜಾಸ್ತಿ ಇರತ್ತೆ ಅಷ್ಟೇ, ಟೆಂಟ್ ಇರೋದು ಗಾಳಿ, ಮಳೆ, ಇಬ್ಬನಿ ತಡೆಯೋಕೆ, ಬಿಸಿ ಮಾಡೋಕಲ್ಲ.

ಚಳಿ ಅಂತ ಎಲ್ಲಾ ಕಿಂಡಿ ಮುಚ್ಚೋದು ಎಲ್ಲರೂ ಮಾಡೋ ತಪ್ಪು, ನಾವೂ ಮಾಡಿದೀವಿ. ಮೂರು ಜನ ರಾತ್ರಿಯೆಲ್ಲ ಉಸಿರಾಡಿದ್ರೆ ಆ ಉಸಿರಿನ ತೇವ ಎಲ್ಲಿಗ್ ಹೋಗ್ಬೇಕು ಹೇಳಿ, ಟೆಂಟ್ ಗೋಡೆ ಮೇಲೆ ನೀರಾಗಿ ಕೂತು, ಬೆಳಗಿನ ಜಾವ ಹನಿ ಹನಿಯಾಗಿ ಸ್ಲೀಪಿಂಗ್ ಬ್ಯಾಗ್ ಮೇಲೆ ಬೀಳತ್ತೆ. ಮೇಲಿನ ವೆಂಟ್, ಅಂದ್ರೆ ಗಾಳಿ ಕಿಂಡಿ, ಯಾವಾಗ್ಲೂ ತೆರೆದೇ ಇರ್ಲಿ, ಮಗುನ ಗೋಡೆಗೆ ತಾಗದಂಗೆ ಒಂದು ಮೊಳ ದೂರ ಮಲಗಿಸಿ.

3. ನೆಲ: ಅರ್ಧ ಕೆಲಸ ಇಲ್ಲೇ ಇದೆ

ಸ್ಲೀಪಿಂಗ್ ಬ್ಯಾಗು, ರಗ್ಗು, ಸ್ವೆಟರು ಬೆಚ್ಚಗಿಡೋದು ಅದರೊಳಗೆ ಹಿಡಿದಿಟ್ಟಿರೋ ಗಾಳಿಯಿಂದ. ಮಗು ಮಲಗಿದಾಗ ಮೈ ಕೆಳಗಿನ ಭಾಗ ಅದುಮಿ ಅಪ್ಪಚ್ಚಿಯಾಗತ್ತೆ, ಗಾಳಿ ಹೋಯ್ತು, ಆಮೇಲೆ ಅಲ್ಲಿ ಬಟ್ಟೆ ಇದ್ದೂ ಇಲ್ಲದಂಗೇ. ಹಾಗಾಗಿ ಎಷ್ಟು ದುಬಾರಿ ಸ್ಲೀಪಿಂಗ್ ಬ್ಯಾಗ್ ತಂದ್ರೂ ಕೆಳಗಿನ ಥಂಡಿ ತಡೆಯೋ ಕೆಲಸ ಮ್ಯಾಟಿಂದೇ.

ಮ್ಯಾಟ್ ತಗೊಳ್ಳುವಾಗ ಆರ್ ವ್ಯಾಲ್ಯೂ ಅಂತ ಒಂದು ನಂಬರ್ ಬರ್ದಿರ್ತಾರೆ ನೋಡಿ. ಕಾವು ಕೆಳಗೆ ಇಳಿಯದಂಗೆ ಮ್ಯಾಟ್ ಎಷ್ಟು ತಡೆಯತ್ತೆ ಅನ್ನೋ ಅಳತೆ ಅದು, ನಂಬರ್ ಜಾಸ್ತಿ ಇದ್ದಷ್ಟೂ ಬೆಚ್ಚಗೆ. ಎಎಸ್‌ಟಿಎಂ ಎಫ್3340 ಅನ್ನೋ ಪರೀಕ್ಷೆ ಪ್ರಕಾರ ಅಳೆದಿದ್ದು ಅಂತಿದ್ರೆ ಬೇರೆ ಬೇರೆ ಬ್ರ್ಯಾಂಡಿನ ಮ್ಯಾಟ್‌ಗಳನ್ನ ಹೋಲಿಸಿ ನೋಡ್ಬಹುದು. ಒಳಗೆ ಏನೂ ತುಂಬಿರದ ಬರೀ ಗಾಳಿ ಬೆಡ್ಡು ಸುಮಾರು 1 ಅಥವಾ ಅದಕ್ಕಿಂತ ಕಮ್ಮಿ, ಯಾಕಂದ್ರೆ ಒಳಗಿನ ಗಾಳಿ ಸುಮ್ನಿರಲ್ಲ, ಓಡಾಡ್ತಾ ಮೇಲಿನ ಕಾವನ್ನ ಕೆಳಗೆ ಸಾಗಿಸ್ತಾನೇ ಇರತ್ತೆ. ನಮ್ಮ ಮಗಳ ಬೆನ್ನು ತಣ್ಣಗಾಗಿದ್ದು ಇದರಿಂದಲೇ. ಒಳ್ಳೆ ಮಡಚೋ ಫೋಮ್ ಮ್ಯಾಟು 2ರ ಆಸುಪಾಸು, ಚಳಿಗಾಲಕ್ಕೆ ಅಂತ ಮಾಡಿರೋ ಗಾಳಿ ಮ್ಯಾಟುಗಳು 4ರಿಂದ ಮೇಲೆ.

ಎಲ್ಲಕ್ಕಿಂತ ಉಪಯೋಗದ ವಿಷ್ಯ ಅಂದ್ರೆ ಒಂದರ ಮೇಲೊಂದು ಹಾಸಿದ್ರೆ ಈ ನಂಬರುಗಳು ಕೂಡ್ಕೊಳ್ಳತ್ವೆ. 2ರ ಫೋಮ್ ಮ್ಯಾಟ್ ಎರಡು ಹಾಸಿದ್ರೆ 4. ಮಗುಗೆ ನಮ್ಮಷ್ಟು ಉದ್ದದ ಮ್ಯಾಟ್ ಬೇಕಾಗಿಲ್ವಲ್ಲ, ನಾವು ಒಂದೇ ಉದ್ದನೆ ಫೋಮ್ ಮ್ಯಾಟನ್ನ ಎರಡಾಗಿ ಮಡಚಿ ಹಾಕ್ತೀವಿ, ದುಡ್ಡೂ ಉಳೀತು ಸಾಮಾನೂ ಕಮ್ಮಿ ಆಯ್ತು. ನಾನಿಟ್ಕೊಂಡಿರೋ ಅಂದಾಜು: ರಾತ್ರಿ 10 ಡಿಗ್ರಿ ಆಸುಪಾಸಿದ್ರೆ ಒಟ್ಟು ಆರ್ ವ್ಯಾಲ್ಯೂ 3 ಇರ್ಲಿ, ರಾತ್ರಿ 5 ಡಿಗ್ರಿ ಹತ್ರ ಅಂದ್ರೆ 4ರಿಂದ 5. ದೊಡ್ಡವರಿಗೆ ಸಾಕು ಅನ್ನಿಸೋದಕ್ಕಿಂತ ಮಗುಗೆ ಒಂದು ಜಾಸ್ತಿನೇ ಇರ್ಲಿ.

ಹಾಸೋ ಕ್ರಮ ಹೀಗಿರ್ಲಿ. ಟೆಂಟ್ ಕೆಳಗೆ ಒಂದು ಗ್ರೌಂಡ್ ಶೀಟ್, ಟೆಂಟಿನ ಅಂಚಿಂದ ಆಚೆ ಚಾಚದಂಗೆ, ಚಾಚಿದ್ರೆ ಮಳೆ ನೀರು ಅದರ ಮೇಲೆ ಬಿದ್ದು ಅಡಿಗೆ ನುಗ್ಗತ್ತೆ. ಟೆಂಟ್ ಒಳಗೆ ನೆಲಪೂರ್ತಿ ತೆಳು ಫೋಮ್ ಶೀಟು ಅಥವಾ ಮಕ್ಕಳು ಆಡೋ ಜೋಡಿಸೋ ಫೋಮ್ ಟೈಲ್ಸು, ಯಾಕಂದ್ರೆ ಮಗು ಮ್ಯಾಟ್ ಬಿಟ್ಟು ಉರುಳೇ ಉರುಳತ್ತೆ, ಉರುಳಿದ ಕಡೆನೂ ಏನಾದ್ರೂ ಇರ್ಬೇಕು. ಅದರ ಮೇಲೆ ಮಗುವಿನ ಡಬಲ್ ಮ್ಯಾಟು, ಅದರ ಮೇಲೆ ಬಿಗಿಯಾಗಿ ಕೂರೋ ತೆಳ್ಳನೆ ಉಲ್ಲನ್ ಅಥವಾ ಫ್ಲೀಸ್ (ಉಣ್ಣೆ ಥರ ಮೆತ್ತಗಿರೋ ಸಿಂಥೆಟಿಕ್) ಬಟ್ಟೆ, ಮುದ್ದೆಯಾಗದಂಗೆ ಅಂಚು ಮ್ಯಾಟ್ ಕೆಳಗೆ ಸಿಕ್ಕಿಸಿ. ಹೊಳೆಯೋ ಅಲ್ಯೂಮಿನಿಯಂ ಹಾಳೆ ಇದ್ದೋರು ಅದನ್ನೂ ಹಾಕ್ತಾರೆ, ನಂಗೇನೋ ಅದರಿಂದ ಹೇಳ್ಕೊಳ್ಳೋಷ್ಟು ವ್ಯತ್ಯಾಸ ಕಾಣ್ಲಿಲ್ಲ, ಸದ್ದು ಮಾತ್ರ ಚರಪರ ಅಂತ ಜಾಸ್ತಿ.

4. ಬಟ್ಟೆ: ಪದರ ಪದರವಾಗಿ, ಹತ್ತಿ ಬೇಡ

ಹತ್ತಿ ಬಟ್ಟೆ ಬೆವರು ಹೀರ್ಕೊಂಡು ಹಂಗೇ ಇಟ್ಕೊಳ್ಳತ್ತೆ, ಒಣಗೋಕೆ ಗಂಟೆಗಟ್ಟಲೆ ಬೇಕು, ಅಷ್ಟೊತ್ತೂ ಮಗು ಮೈಯಿಂದ ಕಾವು ಕದೀತಿರತ್ತೆ. ಮನೇಲಿ ಹತ್ತಿ ಒಳ್ಳೇದೇ, ಟೆಂಟಲ್ಲಿ ಮೈಗೆ ತಾಗೋ ಬಟ್ಟೆ ಮೆರಿನೋ ಉಲ್ಲನ್ ಅಥವಾ ಪಾಲಿಯೆಸ್ಟರ್ ಥರ್ಮಲ್ ಇರ್ಲಿ. ಉಲ್ಲನ್ ಸ್ವಲ್ಪ ಒದ್ದೆಯಾದ್ರೂ ಬೆಚ್ಚಗೇ ಇರತ್ತೆ. ಉಲ್ಲನ್ ಚುಚ್ಚತ್ತೆ ಅಂತ ಅನ್ಕೊಂಡಿರ್ತೀವಿ, ಮೆರಿನೋ ಎಳೆ ಸಣ್ಣ ಇರೋದ್ರಿಂದ ಚುಚ್ಚಲ್ಲ.

ಅದರ ಮೇಲೆ ಫ್ಲೀಸ್ ಜಂಪ್‌ಸೂಟ್, ಪಾದನೂ ಮುಚ್ಚೋ ಥರದ್ದು ಒಂದೇ ಪೀಸಲ್ಲಿ ಬರತ್ತಲ್ಲ ಅದು. ಎರಡು ಪೀಸ್ ಹಾಕಿದ್ರೆ ರಾತ್ರಿ ಮೇಲಿನದ್ದು ಮೇಲಕ್ಕೆ ಕೆಳಗಿನದ್ದು ಕೆಳಕ್ಕೆ ಸರಿದು ಸೊಂಟ ಬಯಲಾಗತ್ತೆ. ಸೊಂಟ ಬಯಲಾದ್ರೆ ಎಲ್ಲಾ ಹೋಯ್ತು. ಜಿಪ್ ಎರಡೂ ಕಡೆಯಿಂದ ತೆಗೆಯೋ ಥರದ್ದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ರಾತ್ರಿ ಡೈಪರ್ ಬದ್ಲಾಯಿಸುವಾಗ ಎದೆ ತೆರೀದೆ ಕೆಲಸ ಮುಗಿಯತ್ತೆ, ಇದರ ಬೆಲೆ ಮೂರು ಗಂಟೆ ರಾತ್ರಿಗೇ ಗೊತ್ತಾಗೋದು.

ಕಾಲಿಗೆ ಸಡಿಲ ಉಲ್ಲನ್ ಸಾಕ್ಸು, ಬಿಗಿಯಾದ್ರೆ ರಕ್ತ ಓಡಾಡಲ್ಲ, ಪಾದ ಇನ್ನೂ ತಣ್ಣಗಾಗತ್ತೆ. ತಲೆಗೆ ತೆಳು ಟೋಪಿ ಅಥವಾ ಕುಲಾವಿ, ಒಂದು ವರ್ಷ ದಾಟಿದ ಮಕ್ಕಳಿಗೆ ಮಾತ್ರ. ಗದ್ದದ ಕೆಳಗೆ ಕಟ್ಟೋ ದಾರ ಇರಬಾರದು, ಕುತ್ತಿಗೆಗೆ ಸುತ್ಕೊಳ್ಳೋ ಅಪಾಯ. ಮುಖದ ಮೇಲೆ ಜಾರದಷ್ಟು ಸರಿಯಾದ ಅಳತೆ ಇರ್ಲಿ. ಮಫ್ಲರ್, ಶಾಲು ರಾತ್ರಿ ಬೇಡವೇ ಬೇಡ. ಕೈಗೆ ಗ್ಲೌಸ್ ಹಾಕಿದ್ರೆ ಕಿತ್ತಾಕ್ತವೆ, ತೋಳು ಉದ್ದ ಇದ್ದು ತುದಿ ಮಡಚಿ ಬೆರಳು ಮುಚ್ಚೋ ಥರ ಜಂಪ್‌ಸೂಟ್ ಸಿಗತ್ತೆ, ಅದು ವಾಸಿ.

ತುಂಬಾ ಹಾಕೋದೂ ತಪ್ಪು. ದಪ್ಪ ಜಾಕೆಟ್ ಸಮೇತ ಸ್ಲೀಪ್ ಸ್ಯಾಕ್ ಒಳಗೆ ತುರುಕಿದ್ರೆ ಎಲ್ಲಾ ಅದುಮಿಹೋಗಿ ಗಾಳಿಗೆ ಜಾಗ ಇರಲ್ಲ, ಮಗು ಬೆವರತ್ತೆ, ಆ ಬೆವರೇ ಎರಡು ಗಂಟೆ ಆದ್ಮೇಲೆ ಚಳಿ ತರತ್ತೆ.

5. ಹೊದಿಕೆ ಬದ್ಲು ಹಾಕ್ಕೊಳ್ಳೋ ಹೊದಿಕೆ

ಒದ್ದು ಬಿಸಾಡೋಕಾಗದ ಹೊದಿಕೆ ಅಂದ್ರೆ ಸ್ಲೀಪ್ ಸ್ಯಾಕು, ಮಗು ಮೈಗೇ ಹಾಕಿ ಜಿಪ್ ಎಳೆಯೋದು. ಇದು ಎಷ್ಟು ಬೆಚ್ಚಗಿಡತ್ತೆ ಅನ್ನೋದನ್ನ ಟಾಗ್ ಅನ್ನೋ ಲೆಕ್ಕದಲ್ಲಿ ಹೇಳ್ತಾರೆ. ಸಾಮಾನ್ಯವಾಗಿ 1 ಟಾಗ್ ಅಂದ್ರೆ 20ರಿಂದ 24 ಡಿಗ್ರಿ ಇರೋ ರೂಮಿಗೆ, 2.5 ಟಾಗ್ 16ರಿಂದ 20ಕ್ಕೆ, 3.5 ಟಾಗ್ 16ಕ್ಕಿಂತ ಕಮ್ಮಿ ಇರೋ ಕಡೆಗೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಇರತ್ತೆ, ಪ್ಯಾಕೆಟ್ ಮೇಲಿನ ಚಾರ್ಟ್ ನೋಡಿ. ಈ ಲೆಕ್ಕ ಮನೆ ರೂಮಿಂದು, ಗಾಳಿ ಇಲ್ಲ, ಕೆಳಗೆ ಹಾಸಿಗೆ ಇದೆ ಅಂತ. ಟೆಂಟಿಗೆ ಒಂದು ಮೆಟ್ಟಿಲು ದಪ್ಪದ್ದೇ ತಗೊಳ್ಳಿ. ಥರ್ಮಲ್ಲು, ಅದರ ಮೇಲೆ ಫ್ಲೀಸ್ ಜಂಪ್‌ಸೂಟ್, ಅದರ ಮೇಲೆ ತೋಳಿರೋ 2.5 ಅಥವಾ 3.5 ಟಾಗ್ ಸ್ಯಾಕು, ಇಷ್ಟರಲ್ಲಿ ನಮ್ಮ ಮಗಳು 8 ಡಿಗ್ರಿ ರಾತ್ರಿ ಕೆಮ್ಮದೇ ಮಲಗಿದಾಳೆ. ತೋಳಿಲ್ಲದ ಸ್ಯಾಕ್ ಟೆಂಟಲ್ಲಿ ಪ್ರಯೋಜನ ಕಮ್ಮಿ, ಮಕ್ಕಳು ಕೈ ಮೇಲೆ ಚಾಚಿ ಮಲಗ್ತಾರೆ.

ದೊಡ್ಡವರ ಸ್ಲೀಪಿಂಗ್ ಬ್ಯಾಗಲ್ಲಿ ಪುಟ್ಟ ಮಗುನ ಒಂಟಿಯಾಗಿ ಮಲಗಿಸ್ಬೇಡಿ. ನಿದ್ದೇಲಿ ಕೆಳಗೆ ಜಾರಿದ್ರೆ ಮುಖ ಮುಚ್ಕೊಂಡು ಉಸಿರು ಕಟ್ಟತ್ತೆ, ಅದು ಮೊದಲ್ನೇ ಕಾರಣ. ಎರಡನೇದು, ಕಾಲ ಹತ್ರ ಖಾಲಿ ಇರೋ ಅಷ್ಟು ಜಾಗನೂ ಮಗು ಮೈಕಾವಲ್ಲೇ ಬಿಸಿ ಆಗ್ಬೇಕು, ಆಗಲ್ಲ. ಎರಡೂವರೆ ಮೂರು ವರ್ಷದ ಮೇಲೆ ಮಕ್ಕಳ ಅಳತೆ ಸ್ಲೀಪಿಂಗ್ ಬ್ಯಾಗ್ ಶುರು ಮಾಡ್ಬಹುದು, ಎತ್ತರಕ್ಕೆ ಸರಿಯಾಗಿ ಉದ್ದ ಹೊಂದಿಸೋಕಾಗೋದು ಇದ್ರೆ ಒಳ್ಳೇದು, ತಲೆ ಭಾಗ ಬಿಗಿಯೋ ದಾರ ಇದ್ರೆ ತೆಗೆದುಬಿಡಿ ಅಥವಾ ಒಳಗೆ ಹೊಲಿದುಬಿಡಿ.

ಬ್ಯಾಗ್ ಮೇಲೆ ಬರ್ದಿರೋ ಡಿಗ್ರಿ ನಂಬೋ ಮುಂಚೆ ಒಂದು ಮಾತು. ಮೊದ್ಲು ಇಎನ್ 13537, ಈಗ ಐಎಸ್‌ಒ 23537 ಅಂತ ಒಂದು ಮಾನದಂಡ ಇದೆ, ಅದರಲ್ಲಿ ಕಂಫರ್ಟ್ ಅನ್ನೋ ನಂಬರ್ ವಯಸ್ಕ ಹೆಂಗಸಿಗೆ, ಲಿಮಿಟ್ ಅನ್ನೋ ನಂಬರ್ ವಯಸ್ಕ ಗಂಡಸಿಗೆ ಲೆಕ್ಕ ಹಾಕಿರೋದು. ಮಕ್ಕಳಿಗೆ ಆ ಲೆಕ್ಕ ಅನ್ವಯ ಆಗಲ್ಲ. ಮಕ್ಕಳ ಬ್ಯಾಗ್ ಮೇಲೆ 5 ಡಿಗ್ರಿ ಅಂತ ಬರ್ದಿದ್ರೆ ನಾನು 10 ಅಂತಲೇ ಓದ್ಕೋತೀನಿ.

ಒಳಗೆ ತುಂಬಿರೋದು ಡೌನ್ ಅಂದ್ರೆ ಹಕ್ಕಿ ಪುಕ್ಕದ್ದು ಹಗುರ, ತುಂಬಾ ಬೆಚ್ಚಗೆ, ಆದ್ರೆ ಒದ್ದೆಯಾದ್ರೆ ಗಂಟುಗಟ್ಟಿ ಕೆಲಸಕ್ಕೆ ಬಾರದು. ಡೈಪರ್ ಹಾಕೋ ವಯಸ್ಸಿಗೆ ಸಿಂಥೆಟಿಕ್ಕೇ ಸರಿ, ಒಗೆದು ಬಿಸಿಲಿಗೆ ಹಾಕಿದ್ರೆ ಮುಗೀತು.

6. ಮಲಗೋ ಮುಂಚಿನ ಒಂದು ಗಂಟೆ

ಸ್ಲೀಪ್ ಸ್ಯಾಕು ಕಾವನ್ನ ಹಿಡಿದಿಡತ್ತೆ, ಹುಟ್ಟಿಸಲ್ಲ. ತಣ್ಣಗಾದ ಮಗುನ ಒಳಗೆ ಹಾಕಿದ್ರೆ ತಣ್ಣಗೇ ಇರತ್ತೆ. ಹಾಗಾಗಿ ಸಂಜೆ ಚಳಿ ಇಳಿಯೋ ಮುಂಚೆನೇ ಜಾಕೆಟ್ ಹಾಕಿಬಿಡಿ, ನಡುಗೋವರೆಗೂ ಕಾಯ್ಬೇಡಿ.

ಟೆಂಟ್ ಹಾಕಿದ ತಕ್ಷಣ ಸ್ಲೀಪಿಂಗ್ ಬ್ಯಾಗು, ಸ್ಯಾಕು ಎಲ್ಲಾ ಚೀಲದಿಂದ ತೆಗೆದು ಕೊಡವಿ ಹರಡಿ, ಒಂದೆರಡು ಗಂಟೆ ಉಬ್ಬೋಕೆ ಬಿಡಿ. ಊಟ ಹೊಟ್ಟೆ ತುಂಬ ಆಗ್ಲಿ, ಮಲಗೋ ಮುಂಚೆ ಸ್ವಲ್ಪ ಹಾಲು, ಜೀರ್ಣ ಆಗೋವಾಗ ಮೈ ತಾನೇ ಕಾವು ಹುಟ್ಟಿಸತ್ತೆ. ಹಾಲು ಕುಡಿದ ಮೇಲೆ ಐದು ನಿಮಿಷ ಟೆಂಟ್ ಒಳಗೇ ಕುಣಿಸಿ, ಓಡಾಡ್ಸಿ, ಮೈ ಬಿಸಿ ಆಗ್ಲಿ, ಬೆವರೋಷ್ಟಲ್ಲ.

ಆಮೇಲೆ ಈ ಕ್ರಮ ತಪ್ಪಿಸ್ಬೇಡಿ: ಹಗಲು ಹಾಕಿದ್ದ ಬಟ್ಟೆ ಪೂರ್ತಿ ತೆಗೀರಿ, ಒಣಗಿದೆ ಅನ್ಸಿದ್ರೂ ಸರಿ, ಸಾಕ್ಸ್ ಸಮೇತ. ಅದರಲ್ಲಿ ಕಣ್ಣಿಗೆ ಕಾಣದ ಬೆವರಿನ ತೇವ ಇರತ್ತೆ. ಡೈಪರ್ ಹೊಸದು, ರಾತ್ರಿಗೆ ಅಂತ ಬರೋ ಜಾಸ್ತಿ ಹೀರೋ ಥರದ್ದು, ಒಂದು ಸೈಜ್ ದೊಡ್ಡದಾದ್ರೂ ನಡಿಯತ್ತೆ. ಆಮೇಲೆ ಥರ್ಮಲ್, ಜಂಪ್‌ಸೂಟ್, ಸಾಕ್ಸ್, ಸ್ಯಾಕ್. ಇಷ್ಟೂ ಬಟ್ಟೆನ ಅರ್ಧ ಗಂಟೆ ಮುಂಚೆ ನಿಮ್ಮ ಜಾಕೆಟ್ ಒಳಗೆ ಮೈಗೊತ್ತಿ ಇಟ್ಕೊಂಡಿದ್ರೆ ಹಾಕುವಾಗ ಬೆಚ್ಚಗಿರತ್ತೆ, ಮಗು ಚಳಿಗೆ ಕಿರುಚೋದೂ ತಪ್ಪತ್ತೆ.

ಹಾಟ್ ವಾಟರ್ ಬ್ಯಾಗು ಉಪಯೋಗಿಸ್ತೀವಿ, ಆದ್ರೆ ಹಾಸಿಗೆ ಬಿಸಿ ಮಾಡೋಕೆ ಮಾತ್ರ. ಕುದಿಯೋ ನೀರಲ್ಲ, ಬಿಸಿ ನೀರು, ಬಟ್ಟೆ ಸುತ್ತಿ, ಇಪ್ಪತ್ತು ನಿಮಿಷ ಸ್ಯಾಕ್ ಒಳಗಿಟ್ಟು, ಮಗುನ ಮಲಗಿಸೋ ಮುಂಚೆ ತೆಗೆದುಬಿಡಿ. ಪುಟ್ಟ ಮಕ್ಕಳ ಚರ್ಮ ತೆಳು, ನಮಗೆ ಹಿತ ಅನ್ಸೋ ಬಿಸಿ ಅವಕ್ಕೆ ಸುಡತ್ತೆ, ಬ್ಯಾಗ್ ಸೋರಿದ್ರಂತೂ ಇನ್ನೂ ಕೆಟ್ಟದು. ಅಲ್ಲಾಡಿಸಿದ್ರೆ ಬಿಸಿಯಾಗೋ ಹ್ಯಾಂಡ್ ವಾರ್ಮರ್ ಪೌಚುಗಳನ್ನೂ ಮಗು ಬಟ್ಟೆ ಒಳಗೆ ಇಡಬೇಡಿ. ಒಳಗಿನ ಕಬ್ಬಿಣದ ಪುಡಿ ಗಾಳಿ ತಾಗಿ ಬಿಸಿಯಾಗೋದು ಅದು, 50 ಡಿಗ್ರಿ ದಾಟತ್ತೆ, ಬಾಯಿಗೆ ಹಾಕ್ಕೊಳ್ಳೋ ಭಯ ಬೇರೆ.

7. ಯಾರ ಪಕ್ಕ ಯಾರು

ಒಂದು ವರ್ಷ ದಾಟಿದ ಮಗು ಆದ್ರೆ ನಮ್ಮಿಬ್ಬರ ಮಧ್ಯೆ, ಆದ್ರೆ ಅದರದ್ದೇ ಮ್ಯಾಟ್ ಮೇಲೆ, ಅದರದ್ದೇ ಸ್ಯಾಕಲ್ಲಿ. ಎರಡೂ ಕಡೆ ದೊಡ್ಡವರ ಮೈ ಇದ್ರೆ ಗಾಳಿ ತಡೆಯತ್ತೆ, ಕೈ ಚಾಚಿದ್ರೆ ಸಿಗತ್ತೆ. ಮ್ಯಾಟ್‌ಗಳ ಮಧ್ಯೆ ಸಂದಿ ಬಿಡಬೇಡಿ, ಮಗು ಅಲ್ಲಿ ಸಿಕ್ಕಾಕ್ಕೊಳ್ಳೋದೂ ಉಂಟು, ನಾವು ಮ್ಯಾಟ್‌ಗಳನ್ನ ಎರಡು ವೆಲ್ಕ್ರೋ ಪಟ್ಟಿ ಹಾಕಿ ಜೋಡಿಸಿದೀವಿ. ಒಂದೇ ಸ್ಲೀಪಿಂಗ್ ಬ್ಯಾಗಲ್ಲಿ ತಾಯಿ ಮಗು ಇಬ್ಬರೂ ಮಲಗೋದು ಬೇಡ, ಇಕ್ಕಟ್ಟಲ್ಲಿ ಮಗು ಮುಖ ಬಟ್ಟೆಗೆ ಒತ್ತತ್ತೆ, ಬೆವರೂ ಜಾಸ್ತಿ. ಕುಡಿದಿದ್ರೆ, ನಿದ್ದೆ ಬರೋ ಮಾತ್ರೆ ತಗೊಂಡಿದ್ರೆ ಮಗು ಪಕ್ಕ ಮಲಗಬಾರದು.

8. ಟೆಂಟ್ ಒಳಗೆ ಬೆಂಕಿ, ಯಾವತ್ತೂ ಇಲ್ಲ

ಗ್ಯಾಸ್ ಸ್ಟೋವ್, ಗ್ಯಾಸ್ ಹೀಟರ್, ಇದ್ದಿಲ ಕೆಂಡ, ಸೀಮೆಎಣ್ಣೆ ಲ್ಯಾಂಪು, ಆರಿದೆ ಅನ್ಸೋ ಬಾರ್ಬೆಕ್ಯೂ ತಟ್ಟೆ, ಇವ್ಯಾವ್ದೂ ಟೆಂಟ್ ಒಳಗೂ ಬೇಡ, ಟೆಂಟಿನ ಮುಂಭಾಗದ ಮುಚ್ಚಿದ ಚಾವಡಿಗೂ ಬೇಡ. ಇವೆಲ್ಲ ಕಾರ್ಬನ್ ಮೊನಾಕ್ಸೈಡ್ ಬಿಡತ್ವೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗ ಹಿಡ್ಕೊಂಡುಬಿಡತ್ತೆ, ಮಲಗಿದೋರಿಗೆ ಎಚ್ಚರನೇ ಆಗಲ್ಲ. ಮಕ್ಕಳು ಬೇಗ ಬೇಗ ಉಸಿರಾಡೋದ್ರಿಂದ ಅವಕ್ಕೆ ಮೊದ್ಲು ತಾಗತ್ತೆ. ಕೆಂಡ ಆರಿದ ಹಾಗೆ ಕಂಡ್ರೂ ಗಂಟೆಗಟ್ಟಲೆ ಬಿಡ್ತಾನೇ ಇರತ್ತೆ. ವೆಂಟ್ ತೆಗ್ದಿದೀವಿ, ಗ್ಯಾಸ್ ಪತ್ತೆ ಮಾಡೋ ಅಲಾರಂ ಇಟ್ಟಿದೀವಿ, ಐದೇ ನಿಮಿಷ ಅಂತೆಲ್ಲ ಸಮಾಧಾನ ಹೇಳ್ಕೊಬೇಡಿ. ಎಲ್ಲರಿಗೂ ಒಟ್ಟಿಗೇ ತಲೆನೋವು, ವಾಕರಿಕೆ, ತಲೆಸುತ್ತು ಅನ್ಸಿದ್ರೆ ಮಗುನ ಎತ್ಕೊಂಡು ತಕ್ಷಣ ಹೊರಗೆ ಬನ್ನಿ, ಆಂಬುಲೆನ್ಸ್ ಕರೆಸಿ.

ಕಾರು ಇದ್ರೆ ಅದೇ ನಿಮ್ಮ ಪ್ಲಾನ್ ಬಿ, ಟೆಂಟಿಗೆ ಹತ್ರ ನಿಲ್ಸಿ, ತೀರಾ ಚಳಿ ಆದ್ರೆ ಒಳಗೆ ಕೂತು ಮಗುನ ಬೆಚ್ಚಗೆ ಮಾಡ್ಬಹುದು. ಇಂಜಿನ್ ಆನ್ ಮಾಡಿ ನಿದ್ದೆ ಹೋಗೋದು ಮಾತ್ರ ಬೇಡ, ಅಲ್ಲೂ ಅದೇ ಗ್ಯಾಸು.

9. ರಾತ್ರಿ ಚೆಕ್ ಮಾಡೋದು

ಕೈ ಕಾಲು ಮುಟ್ಟಿ ನೋಡಿ ಗಾಬರಿ ಆಗ್ಬೇಡಿ, ಮಕ್ಕಳ ಕೈಕಾಲು ತಣ್ಣಗಿರೋದು ಸಾಮಾನ್ಯ. ಕತ್ತಿನ ಹಿಂಭಾಗ, ಇಲ್ಲ ಎದೆ ಮುಟ್ಟಿ. ಬೆಚ್ಚಗೆ ಒಣಗಿ ಇದ್ರೆ ಸರಿಯಾಗಿದೆ. ಅಂಟಂಟು, ಬೆವರು, ಕೆನ್ನೆ ಕೆಂಪಗೆ ಇದ್ರೆ ಒಂದು ಪದರ ತೆಗೀರಿ, ಮೊದ್ಲು ಟೋಪಿ ತೆಗೀರಿ. ತಣ್ಣಗಿದ್ರೆ ಮೊದ್ಲು ಡೈಪರ್ ನೋಡಿ, ಆಮೇಲೆ ಮ್ಯಾಟ್ ಬಿಟ್ಟು ಉರುಳಿದೆಯಾ ನೋಡಿ, ಇನ್ನೊಂದು ಪದರ ಹಾಕೋದು ಕೊನೆಗೆ. ನಾನು ಅಲಾರಂ ಇಡೋದು ರಾತ್ರಿ 12ಕ್ಕೆ ಒಂದು, 4ಕ್ಕೆ ಒಂದು, ಸ್ಕ್ರೀನ್ ಬೆಳಕಿಗೆ ಎಚ್ಚರ ಆಗದಂಗೆ ವೈಬ್ರೇಶನ್ ಅಷ್ಟೇ. ಹತ್ತು ಸಲ ಮುಟ್ಟಿ ಎಬ್ಬಿಸೋದೂ ಬೇಡ.

ತಲೆ ಹತ್ರ ಒಂದು ವಾಟರ್‌ಪ್ರೂಫ್ ಚೀಲದಲ್ಲಿ ಪೂರ್ತಿ ಒಂದು ಸೆಟ್ ಒಣ ಬಟ್ಟೆ, ಡೈಪರ್, ವೈಪ್ಸು, ಕೆಂಪು ಬೆಳಕಿನ ಚಿಕ್ಕ ಟಾರ್ಚು. ವೈಪ್ಸ್ ಪ್ಯಾಕೆಟ್ ನಿಮ್ಮ ಸ್ಲೀಪಿಂಗ್ ಬ್ಯಾಗ್ ಒಳಗೇ ಇರ್ಲಿ, ಮಂಜುಗಡ್ಡೆ ಥರ ಆಗಿರೋ ವೈಪ್ಸ್ ತಾಗಿದ್ರೆ ಯಾವ ಮಗು ತಾನೇ ಸುಮ್ನಿರತ್ತೆ. ಎರಡು ರಾತ್ರಿಗೆ ಹೋಗೋದಾದ್ರೆ ಮಲಗೋ ಬಟ್ಟೆ ನಾಕು ಸೆಟ್ ತಗೊಂಡ್ ಹೋಗಿ, ನಮಗೆ ಮೂರು ಒಂದ್ಸಲ ಸಾಲ್ಲಿಲ್ಲ.

ಇದು ಬರೀ ಚಳಿ ಅಲ್ಲ, ಅಪಾಯ ಅಂತ ಹೇಗೆ ಗೊತ್ತಾಗತ್ತೆ? ಮೈ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದ್ರೆ ಹೈಪೋಥರ್ಮಿಯಾ ಅಂತಾರೆ, ಒಂದು ಥರ್ಮಾಮೀಟರ್ ಕಿಟ್‌ನಲ್ಲಿರ್ಲಿ. ಎದೆ ಹೊಟ್ಟೆನೂ ತಣ್ಣಗಿರೋದು, ಮಗು ಅತಿಯಾಗಿ ಮಂಕಾಗಿ ಎಬ್ಬಿಸಿದ್ರೂ ಸರಿಯಾಗಿ ಎಚ್ಚರ ಆಗದೇ ಇರೋದು, ಅಳು ಕ್ಷೀಣ ಆಗೋದು, ನಡುಗ್ತಿದ್ದಿದ್ದು ಬೆಚ್ಚಗಾಗದೇ ನಿಂತುಹೋಗೋದು, ಇವು ಕೆಟ್ಟ ಲಕ್ಷಣ. ಇಷ್ಟೊತ್ತು ಅತ್ತು ಈಗ ಸುಮ್ನಾಯ್ತು, ಮಲಗ್ತು ಅಂತ ಅಂದ್ಕೊಳ್ಳೋದು ದೊಡ್ಡ ತಪ್ಪು, ಮುಟ್ಟಿ ನೋಡಿ. ಹೀಗಾದ್ರೆ ಒದ್ದೆ ಬಟ್ಟೆ ತೆಗೆದು, ನಿಮ್ಮ ಬರೀ ಎದೆಗೆ ಮಗುನ ಅಪ್ಪಿ ಹಿಡಿದು ಇಬ್ಬರಿಗೂ ಸೇರಿಸಿ ಸ್ಲೀಪಿಂಗ್ ಬ್ಯಾಗು ಹೊದೆಸಿ, ಮುಖ ಮಾತ್ರ ಹೊರಗಿರ್ಲಿ. ಪೂರ್ತಿ ಎಚ್ಚರ ಇದ್ದು ನುಂಗ್ತಿದ್ರೆ ಉಗುರು ಬೆಚ್ಚಗಿನ ಸಿಹಿ ಹಾಲು ಗುಟುಕು ಗುಟುಕಾಗಿ ಕೊಡಿ. ಕೈಕಾಲು ತಿಕ್ಕಬೇಡಿ, ಬೆಂಕಿ ಹತ್ರ ಹಿಡಿಯೋದು ಬಿಸಿ ನೀರು ಹುಯ್ಯೋದು ಬೇಡ. ಇದನ್ನ ಮಾಡ್ತಾನೇ ಇನ್ನೊಬ್ಬರು ತುರ್ತು ಸಹಾಯಕ್ಕೆ ಫೋನ್ ಮಾಡ್ಬೇಕು, ಹೊರಡೋ ಮುಂಚೆನೇ ಹತ್ತಿರದ ಆಸ್ಪತ್ರೆ ಎಲ್ಲಿದೆ, ಕ್ಯಾಂಪ್ ಜಾಗದಲ್ಲಿ ನೆಟ್‌ವರ್ಕ್ ಸಿಗತ್ತಾ ಅಂತ ನೋಡಿಟ್ಕೊಳ್ಳಿ.

10. ಬೆಳಗಿನ ಜಾವ, ಮತ್ತೆ ಎರಡನೇ ರಾತ್ರಿ

ನಾಕೂವರೆಯಿಂದ ಆರೂವರೆ ಮಧ್ಯೆ ಮಗು ಮಿಸುಕಾಡಿದ್ರೆ ಬಹಳ ಸಲ ಚಳಿ ಮತ್ತೆ ಡೈಪರ್ ಎರಡೂ ಕಾರಣ. ಆಗ ನಿಮ್ಮ ಸ್ಲೀಪಿಂಗ್ ಬ್ಯಾಗಿನ ಜಿಪ್ ತೆಗೆದು, ಎಚ್ಚರ ಇದ್ಕೊಂಡೇ, ಸೊಂಟದವರೆಗೆ ಮಗು ಮೇಲೂ ಹಾಕಿ ಪಕ್ಕದಲ್ಲಿ ಅಪ್ಪಿಕೊಂಡ್ರೆ ಸಾಮಾನ್ಯವಾಗಿ ಇನ್ನೊಂದು ಗಂಟೆ ನಿದ್ದೆ ಬರತ್ತೆ. ಎದ್ದೇಬಿಟ್ರೆ ಬಟ್ಟೆ ಬದ್ಲಾಯಿಸೋಕೆ ಅವಸರ ಮಾಡ್ಬೇಡಿ, ಸ್ಯಾಕ್ ತೆಗೆದು ಜಂಪ್‌ಸೂಟ್ ಮೇಲೇ ಜಾಕೆಟ್ ಹಾಕಿ ಹೊರಗೆ ಬಿಡಿ, ಬಿಸಿಲು ಬಂದ್ಮೇಲೆ ಬದ್ಲಾಯಿಸಿ.

ತಿಂಡಿ ಆದ ತಕ್ಷಣ ಮಾಡೋ ಕೆಲಸ: ಸ್ಲೀಪಿಂಗ್ ಬ್ಯಾಗು, ಸ್ಯಾಕು, ಟೋಪಿ, ಸಾಕ್ಸು ಎಲ್ಲಾ ಒಳಹೊರಗೆ ತಿರುಗಿಸಿ ಬಿಸಿಲಿಗೆ ಹಗ್ಗದ ಮೇಲೆ ಹಾಕಿ, ಮ್ಯಾಟ್ ಎತ್ತಿ ನಿಲ್ಸಿ, ಅದರ ಅಡಿಯಲ್ಲಿ ನೀರು ಕೂತಿರತ್ತೆ, ಒರೆಸಿ. ಟೆಂಟಿನ ಬಾಗಿಲು ಎರಡೂ ಕಡೆ ತೆಗೆದು ಗಾಳಿ ಆಡೋಕೆ ಬಿಡಿ. ಇದನ್ನ ಮಾಡದೇ ಸುತ್ತಾಡೋಕೆ ಹೋದ್ರೆ ಮೊದಲ್ನೇ ರಾತ್ರಿಯ ತೇವ ಹಂಗೇ ಉಳಿದು ಎರಡನೇ ರಾತ್ರಿ ಅದೇ ತಾಪಮಾನ, ಅದೇ ಬಟ್ಟೆ ಇದ್ರೂ ಮಗು ತಣ್ಣಗಾಗತ್ತೆ. ಸಂಜೆ ನಾಕು ಗಂಟೆಗೆ, ಬಿಸಿಲು ಇನ್ನೂ ಇರುವಾಗ್ಲೇ, ಎಲ್ಲಾ ಒಳಗೆ ತಗೊಂಡುಬಿಡಿ, ಇಬ್ಬನಿ ಇಳಿಯೋಕೆ ಶುರುವಾದ್ರೆ ಅರ್ಧ ಗಂಟೆಲಿ ಮತ್ತೆ ತೇವ.